‘ಗಣೇಶನ ಮದುವೆ’ಯೊಳಗಿನ ವಠಾರ

“ದೊಡ್ಡಮ್ಮ, ಅವರೆಲ್ಲಾ ಸಂಬಂಧಿಕರೇನು?” ಅಂತ ನಮ್ಮ ತಂಗಿ ಮಗಳು ಧಾರವಾಡದಿಂದ ಫೋನ್ ಮಾಡಿ ಕೇಳಿದ್ಲು. ಅಕಿ ಹುಟ್ಟಿದ್ದ 1998ರೊಳಗ. ಮೊಬೈಲಿನ್ಯಾಗ ‘ಗಣೇಶನ ಮದುವೆ’ ಸಿನೆಮಾ ನೋಡಿ ಹೊಟ್ಟಿ ಹಿಡಕೊಂಡು ನಕ್ಕಾಳ, ಆದ್ರ ಕೆಲವೊಂದು ತಿಳದಿಲ್ಲ. ಒಂದ ಕಂಪೌಂಡಿನೊಳಗ ಅಷ್ಟು ಮಂದಿ ಯಾಕ ಇದ್ದಾರ? ಮಾಲಕರ ಜೋಡಿ ದಿನಾ ಜಗಳಾ ಆಡೋ ಮನಷ್ಯಾ ಮನಿ ಯಾಕ ಬಿಡೂದಿಲ್ಲ? ಹೋಗ್ಲಿ, ಆ ಮಾಲಕರರೆ ಅವನ್ನ ಯಾಕ ಹೊರಗ ಹಾಕೂದಿಲ್ಲ? ಮೂರೂ ಚೊಲೋ ಪ್ರಶ್ನೆ. ಒಲಿ ಮ್ಯಾಲೆ ಹಾಲಿಟ್ಟಿದ್ದೆ, ಅರ್ಧಾ ಹೇಳಿ ಫೋನ್ ಇಟ್ಟೆ. ಉಳದದ್ದು ಇಲ್ಲೆ ಬರೀತೀನಿ. ನಿಮ್ಮೊಳಗ ವಠಾರದಾಗ ಸಂಸಾರ ಮಾಡಿದವರು ಭಾಳ ಮಂದಿ ಇದ್ದೀರಿ, ನೀವು ಓದಿಕೋತ ನಿಮ್ಮದೂ ಕೂಡಿಸಿಕೊಳ್ರಿ.

ನೋಡದವರಿಗೆ ಸಿನೆಮಾ ಬಗ್ಗೆ ನಾಲ್ಕು ಮಾತು. ಫಣಿ ರಾಮಚಂದ್ರ ಅವರು ನಿರ್ದೇಶನ ಮಾಡಿದ್ದು, 1990ರೊಳಗ ಬಂತು. ಹಾಡು ರಾಜನ್–ನಾಗೇಂದ್ರ ಅವರದು. ವಠಾರದ ಮಾಲಕ ರಮಣಮೂರ್ತಿ, ಅಂದ್ರ ಮುಖ್ಯಮಂತ್ರಿ ಚಂದ್ರು. ಬಾಡಿಗಿದಾರ ವೈ.ಜಿ. ರಾವ್, ಅಂದ್ರ ಅನಂತ್‌ನಾಗ್. ಇಬ್ಬರಿಗೂ ಹಾವು-ಮುಂಗಲಿ. ಮಾಲಕರ ಮಗಳು ಆದಿಲಕ್ಷ್ಮಿ, ಅಂದ್ರ ವಿನಯಾ ಪ್ರಸಾದ್, ಅಕಿಗೂ ಇವನ್ನ ಕಂಡ್ರ ಆಗೂದಿಲ್ಲ. ಈ ರಾವ್ ಸಾಹೇಬರು ಶ್ರುತಿ ಅನ್ನೋ ಗಾಯಕಿಯ ಹಾಡು ಕೇಳಿ, ಮುಖಾ ನೋಡದನ, ಕಾಗದದೊಳಗ ಪ್ರೀತಿ ಮಾಡ್ತಾರ. ಆ ಶ್ರುತಿ ಬ್ಯಾರೆ ಯಾರೂ ಅಲ್ಲ, ಇದ ಆದಿಲಕ್ಷ್ಮಿ. ದಿನಾ ಎದುರಾಎದುರು ಮುಖಾ ಗಂಟ್ ಹಾಕ್ಕೊಂಡು ಹೋಗೋ ಇಬ್ಬರು ಒಬ್ಬರಿಗೊಬ್ಬರು ಕಾಗದಾ ಬರೀತಾರ, ಇಬ್ಬರಿಗೂ ಗೊತ್ತಿಲ್ಲ. ಅಷ್ಟ ಕಥಿ. ಅಷ್ಟರಾಗ ಎರಡೂವರಿ ತಾಸು ನಗಸ್ತಾರ.

ನಮ್ಮ ಕಡೆ ವಠಾರ ಅನ್ನೋ ಶಬ್ದ ಬಳಕಿಯೊಳಗ ಇದ್ದಿದ್ದಿಲ್ಲ. ನಾವು ಚಾಳ ಅಂತಿದ್ವಿ. ದೊಡ್ಡವರ ಮನಿ ಇದ್ರ ವಾಡೆ. ಮುಂಬೈ ಕಡೆ ಇದ್ದವರಿಗೆ ಚಾಳ ಅಂದ್ರ ಮೂರು-ನಾಲ್ಕು ಮಜಲಿನ ಉದ್ದನ್ನ ಕಟ್ಟಡ, ಮುಂದ ಕಟಾಂಜನದ ವರಾಂಡ, ಸಾಯಿ ಪರಾಂಜಪೆಯವರ ‘ಕಥಾ’ ಸಿನೆಮಾದೊಳಗ ಬರ್ತದಲ್ಲ, ಹಂಗ. ಬೆಂಗಳೂರು-ಮೈಸೂರಿನ ವಠಾರದ ರೀತಿ ಬ್ಯಾರೆ. ಅದು ನೆಲಕ್ಕ ಹತ್ತಿಕೊಂಡು ಇರ್ತದ. ನಾನು 1986ರೊಳಗ ಲಗ್ನಾ ಆಗಿ ಚಾಮರಾಜಪೇಟೆಗೆ ಬಂದಾಗ ನಮ್ಮ ಮನಿಯವರು “ವಠಾರದಾಗ ಮನಿ ಮಾಡೀನಿ” ಅಂದಿದ್ರು. ನಮ್ಮವ್ವ ಅದನ್ನ ದೊಡ್ಡ ಬಂಗ್ಲೆನ ಇರಬೇಕು ಅಂತ ತಿಳಕೊಂಡು ಓಣಿ ತುಂಬ ಹೇಳಿಕೊಂಡು ಬಂದಿದ್ಲು.

ಬಂದು ನೋಡಿದ್ರ ರಸ್ತಾಕ್ಕ ಮುಖಾ ಮಾಡಿ ಮಾಲಕರ ಮನಿ, ಅದರ ಬಾಜೂಕ ಇಬ್ಬರು ಒಮ್ಮೆಲೆ ಹೋಗಲಿಕ್ಕೆ ಬರದಂಥ ಒಂದು ಸಂದಿ. ಸಂದಿ ದಾಟಿದ್ರ ಆಕಾಶ ಕಾಣೋ ಉದ್ದನ್ನ ಅಂಗಳ. ಅದರ ಒಂದು ಬದಿಗೆ ಸಾಲಾಗಿ ಎಂಟು ಮನಿ, ಎಲ್ಲಾ ಬಾಗಲಾ ಒಂದ ನಮೂನಿ. ಒಳಗ ಮೂರು ಖೋಲಿ ಒಂದರ ಹಿಂದ ಒಂದು, ರೈಲು ಡಬ್ಬಿ ಇದ್ದಂಗ: ಮುಂದಿನದಕ್ಕ ಬೆಳಕು, ನಡುವಿಂದಕ್ಕ ಕತ್ತಲಿ, ಹಿಂದಿನದು ಅಡಗಿಮನಿ. ಅಡಗಿಮನಿಗೆ ಮ್ಯಾಲೊಂದು ಗಾಜಿನ ಬೆಳಕಿಂಡಿ, ಮಸಿ ಹಿಡದು ಕರ್ರಗಾಗಿತ್ತು. ಕೆಂಪು ಗಾರಿ ನೆಲ, ಒರಸಿ ಒರಸಿ ಕನ್ನಡಿ ಆಗಿತ್ತು. ಮ್ಯಾಲೆ ಮರದ ತೊಲಿ, ಅದರ ಮ್ಯಾಲೆ ಇಟ್ಟಂಗಿ-ಸುಣ್ಣದ ಮದ್ರಾಸ್ ಛಾವಣಿ. ಅಂಗಳದ ನಟ್ಟನಡುವ ನಳಾ, ಅದರ ಬಾಜೂಕ ಅರಬಿ ಒಗಿಯೋ ಕಲ್ಲು, ಕಡೀಕ ಎರಡು ಬಚ್ಚಲಾ, ಅದರಾಚೆ ಎರಡು ಪಾಯಖಾನಿ. ಎಂಟು ಮನಿಗೆ ಎರಡ ಎರಡು. ನಮ್ಮವ್ವ ಮೊದಲನೇ ಸಲ ಬಂದಾಗ ಒಂದು ಗಳಿಗಿ ಸುಮ್ಮನ ನಿಂತ್ಲು. ಆಮೇಲೆ “ಇರ್ಲಿ, ನೆರಿಹೊರಿ ಅದ” ಅಂದ್ಲು.

ಇಂಥಾ ವಠಾರ ಯಾರು ಕಟ್ಟಿದ್ರು, ಯಾಕ ಕಟ್ಟಿದ್ರು ಅಂತ ಕೇಳಿದ್ರ ಊರಿನ ಇತಿಹಾಸಾನ ಬಿಚ್ಚಬೇಕಾಗ್ತದ. ಹಳೇ ಬೆಂಗಳೂರು ಅಂದ್ರ ಪೇಟೆ, ಚಿಕ್ಕಪೇಟೆ-ಬಳೇಪೇಟೆ-ಅರಳೇಪೇಟೆ, ಇಕ್ಕಟ್ಟಿನ ಸಂದಿಗೊಂದಿ. ಚಾಮರಾಜಪೇಟೆ 1892ರೊಳಗ ಪೇಟೆ ಹೊರಗಿನ ಹೊಸಾ ಬಡಾವಣೆ ಅಂತ ಸುರು ಆತು. 1898ರೊಳಗ ಪ್ಲೇಗ್ ಬಂತು. ಮಂದಿ ಸತ್ರು, ಉಳದವರು ಪೇಟೆ ಬಿಟ್ಟು ಹೊರಗ ಓಡಿದ್ರು. ಆವಾಗ ಗಾಳಿ-ಬೆಳಕು ಇರ್ಲಿ ಅಂತ ನಕಾಶಿ ಹಾಕಿ ಮಾಡಿದ್ದ ಬಸವನಗುಡಿ, ಮಲ್ಲೇಶ್ವರ. ಅಗಲ ರಸ್ತಾ, ಉದ್ದನ್ನ ಸೈಟು, ಹಿಂದ ಒಂದು ಸಣ್ಣ ಗಲ್ಲಿ. ಅಂದ್ರ ರೋಗದ ಭೀತಿಗೆ, ಮಂದಿ ಒತ್ತೊತ್ತಿ ಇರಬಾರದು ಅಂತ ಮಾಡಿದ ಬಡಾವಣೆ ಇವು. ಸೈಟ್ ತಗೊಂಡವರು ಮುಂದ ಒಂದು ಮನಿ ಕಟ್ಟಿಕೊಂಡ್ರು, ಹಿಂದ ಗಿಡಾ-ಬಾವಿ. ಮುಂದ ಊರು ಬೆಳೀತು, ಅದ ಹಿತ್ತಲದಾಗ ಸಾಲುಮನಿ ಎದ್ದವು. ಗಾಳಿ ಆಡ್ಲಿ ಅಂತ ಬಿಟ್ಟ ಜಾಗಾದಾಗ ಎಂಟು ಸಂಸಾರ. ವಿಚಿತ್ರ ನೋಡ್ರಿ.

ಕಟ್ಟಿದವರೆಲ್ಲಾ ಸಾಹುಕಾರರು ಅಂತ ತಿಳಕೋಬ್ಯಾಡ್ರಿ. ನೌಕರಿಯಿಂದ ನಿವೃತ್ತಿ ಆದವರು, ವಕೀಲರು, ಅಂಗಡಿಯವರು. ಗಂಡ ಸತ್ತ ಹೆಣ್ಣಮಕ್ಕಳೂ ಇದ್ರು. ಬ್ಯಾಂಕಿನ್ಯಾಗ ರೊಕ್ಕಾ ಇಡೂ ಬದಲಿ ಮೂರು ಬಾಡಿಗಿ ಮನಿ ಕಟ್ಟಿಸಿದ್ರ ಅದ ಪೆನ್ಶನ್. ನಮ್ಮ ಎದುರು ಸಾಲಿನ ವಠಾರ ಒಬ್ಬ ಅಜ್ಜಿದು. ಅಕಿ ಗಂಡ ಸತ್ತ ಮ್ಯಾಲೆ ಮೈಮ್ಯಾಲಿನ ಬಂಗಾರ ಮಾರಿ ನಾಲ್ಕು ಮನಿ ಕಟ್ಟಿಸಿದ್ದಳಂತ. ಬಾಡಿಗಿ ವಸೂಲಿಗೆ ತಾನ ಬರ್ತಿದ್ಲು, ತಿಂಗಳ ಐದನೇ ತಾರೀಖು ತಪ್ಪಿದ್ರ ಬಾಗಲಾ ಮುಂದ ಕೂತು ಭಜನಿ ಸುರು ಮಾಡ್ತಿದ್ಲು. ಅಕಿಗೆ ಎಲ್ಲಾರೂ ಅಂಜತಿದ್ರು. ಆದ್ರ ಅಕಿ ಯಾರ ಮನಿ ಕೂಳಿಗೂ ಕಾಯದ ಬಾಳೇವು ಮಾಡಿದ್ದು ಆ ನಾಲ್ಕು ಬಾಗಲದ ಮ್ಯಾಲೆನ.

ಇನ್ನ ಬಾಡಿಗಿಗೆ ಬರವ್ರು ಯಾರು? 1940ರೊಳಗ ಎಚ್‌ಎಎಲ್, 1948ಕ್ಕ ಐಟಿಐ, 1953ಕ್ಕ ಎಚ್‌ಎಂಟಿ, 1954ಕ್ಕ ಬಿಇಎಲ್. ಹಿಂಗ ಒಂದರ ಹಿಂದ ಒಂದು ಕಾರ್ಖಾನಿ ಬಂದ್ವು. 1956ಕ್ಕ ರಾಜ್ಯ ಒಂದಾದ ಮ್ಯಾಲೆ ನಮ್ಮ ಧಾರವಾಡ, ಬಿಜಾಪುರ, ಗುಲಬರ್ಗಾ ಕಡೆಯವರೂ ನೌಕರಿಗೆ ಬೆಂಗಳೂರಿಗೆ ಬರೂದು ಸುರು ಆತು. 1971ರೊಳಗ ಹದಿನಾರು ಲಕ್ಷದ ಮ್ಯಾಲಿದ್ದ ಊರು 1981ರೊಳಗ ಇಪ್ಪತ್ತೊಂಬತ್ತು ಲಕ್ಷ ದಾಟ್ತು. ಹತ್ತ ವರ್ಷದಾಗ! ಅಷ್ಟು ಮಂದಿಗೆ ಮನಿ ಎಲ್ಲಿಂದ ಬರಬೇಕು. ಹೊಸಾಗಿ ನೌಕರಿ ಹತ್ತಿದ ಗುಮಾಸ್ತ, ಮಾಸ್ತರು, ಬಸ್ ಕಂಡಕ್ಟರ್, ನರ್ಸಬಾಯಿ ಎಲ್ಲಾರೂ ವಠಾರಕ್ಕ ಬಂದ್ರು. ಸಿನೆಮಾದೊಳಗ ವೈ.ಜಿ. ರಾವ್ ಇದ್ದಾನಲ್ಲ, ಲಗ್ನಾ ಆಗದ ನೌಕರದಾರ, ಅಂಥವರು ಪ್ರತಿ ವಠಾರದಾಗ ಒಬ್ಬಿಬ್ಬರು ಇರ್ತಿದ್ರು. ಅವರಿಗೆ ಮನಿ ಸಿಗೋದ ಕಷ್ಟ, ಸಿಕ್ಕ ಮ್ಯಾಲೆ ಅವರ ಮ್ಯಾಲೆ ಎಲ್ಲಾರ ಕಣ್ಣು. ಸಂಬಂಧಿಕರು ಯಾರೂ ಅಲ್ಲವಾ, ನಮ್ಮವ್ವ. ಊರಿಗೆ ಊರ ಗೊತ್ತಿಲ್ಲದ ಮಂದಿ.

ಈಗ ನೀರಿನ ಮಾತು. ಗಂಡಸರು ಯಾರರೆ ವಠಾರದ ಇತಿಹಾಸ ಬರದ್ರ ಕ್ರಿಕೆಟ್, ಕೇರಂ, ಗಣಪತಿ ಹಬ್ಬ ಬರೀತಾರ. ನನಗ ಕೇಳಿದ್ರ ವಠಾರದ ಇತಿಹಾಸ ಅಂದ್ರ ನೀರಿನ ಇತಿಹಾಸ. ಬೆಂಗಳೂರಿಗೆ ಮೊದಲನೇ ನಳದ ನೀರು ಬಂದದ್ದು 1896ರೊಳಗ, ಹೆಸರಘಟ್ಟ ಕೆರಿಯಿಂದ. ಅದು ಸಾಲದ 1933ಕ್ಕ ತಿಪ್ಪಗೊಂಡನಹಳ್ಳಿ ಜಲಾಶಯ. ಎರಡೂ ಅರ್ಕಾವತಿ ಹೊಳಿವು, ಎರಡೂ ಮಳಿ ನಂಬಿದವು. ಮಳಿ ಹೋದ್ರ ನಳಾ ಉಸ್ ಅಂತಿತ್ತು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಗುಡ್ಡಾ ಏರಿಸಿಕೊಂಡು, ಪಂಪ್ ಮಾಡಿ ಊರಿಗೆ ತಂದದ್ದು 1974ರೊಳಗ. ನಾನು ಬರೂದರಾಗ ಕಾವೇರಿ ಬಂದು ಹನ್ನೆರಡು ವರ್ಷ ಆಗಿತ್ತು. ಆದ್ರ ಕಾವೇರಿ ರಸ್ತಾದ ತನಕಾ ಬಂದಿದ್ಲು, ಅಡಗಿಮನಿ ತನಕಾ ಅಲ್ಲ. ಸರಕಾರದ ಲೆಕ್ಕದಾಗ ಒಂದು ಸೈಟಿಗೆ ಒಂದು ಮೀಟರ್, ಒಂದು ನಳಾ. ಒಳಗ ಒಂದು ಮನಿ ಇರ್ಲಿ, ಎಂಟು ಇರ್ಲಿ.

ನೀರು ಮುಂಜಾನೆ ನಾಲ್ಕೂವರಿಗೆ ಬರ್ತಿತ್ತು, ಆರೂವರಿಗೆ ಹೋಗ್ತಿತ್ತು. ರಾತ್ರಿನ ಕೊಡಾ ಸಾಲಿಗೆ ಇಡಬೇಕು. ಕೊಡಾ ಇಟ್ರ ಯಾರರೆ ಸರಸ್ತಾರ ಅಂತ ಕೆಲವರು ಕಲ್ಲು ಇಡ್ತಿದ್ರು, ನಮ್ಮ ಬಾಜೂಮನಿಯವರು ಮುರದ ಬಕೀಟು. ಪ್ರತಿಯೊಂದು ಕಲ್ಲಿಗೂ ಒಬ್ಬ ಒಡತಿ. ಮೊದಲ ಎರಡೆರಡು ಕೊಡಾ ಕುಡಿಯೋ ನೀರು ಎಲ್ಲಾರಿಗೂ, ಆಮೇಲೆ ಎರಡನೇ ಸುತ್ತು ಬಳಸೋ ನೀರು. ಈ ಕಾನೂನು ಯಾರೂ ಬರದದ್ದಲ್ಲ, ಆದ್ರ ಮುರದವರ ಗತಿ ಕೇಳಬ್ಯಾಡ್ರಿ. ಬಸರಿ ಹೆಂಗಸಿಗೆ, ಬಾಣಂತಿ ಮನಿಗೆ ಸಾಲು ಇಲ್ಲ, ಅವರ ಕೊಡಾ ಯಾರರೆ ತುಂಬಿ ಬಾಗಲಕ್ಕ ಇಡಬೇಕು. ನನ್ನ ಮೊದಲನೇ ಮಗ ಹೊಟ್ಟಿಯೊಳಗಿದ್ದಾಗ ಐದು ತಿಂಗಳು ನಾನು ಒಂದ ಒಂದು ಕೊಡಾ ಎತ್ತಲಿಲ್ಲ. ಎತ್ತಿದವಳು ಮೂರನೇ ಮನಿ ತಮಿಳರ ಸೊಸಿ. ಅಕಿಗೆ ಕನ್ನಡಾ ಬರ್ತಿದ್ದಿಲ್ಲ, ನನ್ನ ಧಾರವಾಡ ಕನ್ನಡಾ ಉಳದ ಮಂದಿಗೇ ತಿಳೀತಿದ್ದಿಲ್ಲ. ಹಿಂಗಾಗಿ ನಾವಿಬ್ಬರೂ ಗೆಳತ್ಯಾರಾದ್ವಿ. ಮತ್ತ ಅದ ನಳದ ಮುಂದ, ಅದ ಸಾಲಿನ್ಯಾಗ, ಒಂದು ಕೊಡದ ಸಲವಾಗಿ ಕೂದಲಾ ಹಿಡದು ಜಗಳಾ ಆಡಿದ್ದನ್ನೂ ನೋಡೀನಿ.

ಅದಕ್ಕ ನನಗ ಈ ಸಿನೆಮಾ ಖರೆ ಅನಸ್ತದ. ಈಗ ಎಲ್ಲಾರೂ “ವಠಾರ ಅಂದ್ರ ಒಂದ ಕುಟುಂಬ ಇದ್ದಂಗ ಇತ್ತು, ಆ ಕಾಲಾನ ಬ್ಯಾರೆ” ಅಂತ ಕಣ್ಣೀರು ಹಾಕ್ತಾರ. ಫಣಿ ರಾಮಚಂದ್ರ ಅವರ ವಠಾರದಾಗ ಕಣ್ಣೀರಿಲ್ಲ, ಕಿತಾಪತಿ ಅದ. ಮಾಲಕರಿಗೂ ಬಾಡಿಗಿದಾರರಿಗೂ ದಿನಾ ಯುದ್ಧ. ಪ್ರೀತಿ ಇರಲಿಲ್ಲ ಅಂತ ಅಲ್ಲ, ಇತ್ತು. ಆದ್ರ ಅದು ಜಗಳದ ಜೋಡಿನ ಬರ್ತಿತ್ತು, ಉಪ್ಪಿಟ್ಟಿನ್ಯಾಗ ಮೆಣಸಿನಕಾಯಿ ಬಂದಂಗ.

ಇನ್ನ ರಮಣಮೂರ್ತಿ ವೈ.ಜಿ. ರಾವ್‌ನ್ನ ಯಾಕ ಹೊರಗ ಹಾಕೂದಿಲ್ಲ ಅನ್ನೋ ಪ್ರಶ್ನೆ. ಅದಕ್ಕ ಉತ್ತರ ಕಾಯ್ದೆಯೊಳಗ ಅದ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಪ್ರಕಾರ ಮಾಲಕರು ಮನಸ್ಸಿಗೆ ಬಂದಂಗ ಬಾಡಿಗಿದಾರರನ್ನ ಬಿಡಸೋ ಹಂಗಿದ್ದಿಲ್ಲ. ಕೋರ್ಟಿಗೆ ಹೋಗಬೇಕು, ಕಾರಣಾ ತೋರಸಬೇಕು: ಬಾಡಿಗಿ ಬಾಕಿ ಅದ, ಇಲ್ಲಾ ನಮಗ ಸ್ವಂತಕ್ಕ ಮನಿ ಬೇಕು, ಇಲ್ಲಾ ಇವರು ಇನ್ನೊಬ್ಬರಿಗೆ ಒಳಬಾಡಿಗಿಗೆ ಕೊಟ್ಟಾರ, ಇಲ್ಲಾ ಕಟ್ಟಡ ಕೆಡವಿ ಹೊಸಾದು ಕಟ್ಟಬೇಕು, ಇಂಥವು. ಬಾಡಿಗಿ ಜಾಸ್ತಿ ಅನಸಿದ್ರ ನ್ಯಾಯವಾದ ಬಾಡಿಗಿ ಎಷ್ಟು ಅಂತ ನಿಗದಿ ಮಾಡಸಲಿಕ್ಕೂ ಅವಕಾಶ ಇತ್ತು. ಮನಿ ಖಾಲಿ ಆದ್ರ ರೆಂಟ್ ಕಂಟ್ರೋಲರ್‌ಗೆ ತಿಳಸಬೇಕು ಅಂತ ಬ್ಯಾರೆ. ಹಿಂಗಾಗಿ 1960ರ ದಶಕದಾಗ ನಲವತ್ತು-ಐವತ್ತು ರೂಪಾಯಿಗೆ ಬಂದು ಕೂತವರು ಇಪ್ಪತ್ತು ವರ್ಷಾದ್ರೂ ಹೆಚ್ಚುಕಮ್ಮಿ ಅಷ್ಟ ಕೊಡ್ತಿದ್ರು. ನಾವು 1986ರೊಳಗ 350 ಕೊಟ್ರ, ನಮ್ಮ ಬಾಜೂದ ಮೊದಲನೇ ಮನಿಯವರು 60 ಕೊಡ್ತಿದ್ರು. ಒಂದ ನಮೂನಿ ಮನಿ, ಒಂದ ನಳಾ!

ಬಾಡಿಗಿದಾರರಿಗೆ ಇದು ದೇವರು ಕೊಟ್ಟ ವರ. ಮಾಲಕರಿಗೆ ಏನು? ಅರವತ್ತು ರೂಪಾಯಿ ಬಾಡಿಗಿ ತಗೊಂಡು ಛಾವಣಿ ಸೋರೂದನ್ನ ರಿಪೇರಿ ಮಾಡಸು ಅಂದ್ರ ಅವರು ಯಾಕ ಮಾಡಸ್ತಾರ. ಸುಣ್ಣಾ ಹಚ್ಚೂದಿಲ್ಲ, ದೀಪಾ ಹಾಕೂದಿಲ್ಲ, ನಳದ ವಾಶರ್ ಬದಲಸೂದಿಲ್ಲ. ಬೈದು ಬೈದು ಮನಿ ಬಿಡಸಬೇಕು ಅಷ್ಟ. ಸಿನೆಮಾದೊಳಗ ರಮಣಮೂರ್ತಿ ಕೂಗಾಡಿದಾಗ ನಾವು ಬಾಡಿಗಿದಾರರೆಲ್ಲಾ ಟಾಕೀಸಿನ್ಯಾಗ ಸೀಟಿನ ಮ್ಯಾಲೆ ಹೊರಳಾಡಿ ನಕ್ಕೇವಿ. ಮಾಲಕರ ಮನಿಯವರು ನಕ್ಕರೋ ಇಲ್ಲೋ. ಎದುರಿನ ಅಜ್ಜಿ ನೆನಪಾದ್ರ ನನಗ ಈಗ ರಮಣಮೂರ್ತಿ ಮ್ಯಾಲೂ ಸ್ವಲ್ಪ ಅಂತಃಕರಣ ಬರ್ತದ. ಅವಂದೂ ಒಂದ ಒಂದು ಆಸ್ತಿ, ಲಗ್ನಕ್ಕ ಬಂದ ಒಬ್ಬ ಮಗಳು.

ಆ ಮಗಳ ಬಗ್ಗೆನ ನನಗ ಹೆಚ್ಚು ಹೇಳೂದದ. ಮೊದಲನೇ ಸಲ ನೋಡಿದಾಗ ಆದಿಲಕ್ಷ್ಮಿ-ಶ್ರುತಿ ಸಂಗತಿ ಬರೇ ಮಜಾ ಅನಸಿತ್ತು. ಹೋದ ವರ್ಷ ಮತ್ತ ನೋಡಿದೆ, ಆವಾಗ ಬ್ಯಾರೆ ಕಾಣಸ್ತು. ವಠಾರದಾಗ ಹೆಣ್ಣಮಕ್ಕಳಿಗೆ ಒಂದು ಖೋಲಿ ಅನ್ನೋದ ಇದ್ದಿದ್ದಿಲ್ಲ. ನಡುವಿನ ಕತ್ತಲಿ ಖೋಲಿಯೊಳಗ ಸೀರಿ ಬದಲಸಬೇಕು, ಆವಾಗೂ ಅತ್ತಿ ಆ ಕಡೆಯಿಂದ ಈ ಕಡೆ ಹಾಯತಿರ್ತಾರ. ಅತ್ತರ ಬಾಜೂಮನಿಗೆ ಕೇಳ್ತದ, ನಕ್ಕರ ಎದುರುಮನಿಗೆ. ಊರಿಂದ ಕಾಗದಾ ಬಂದ್ರ ಪೋಸ್ಟಮನ್ ಅಂಗಳದಾಗ ನಿಂತು ಹೆಸರು ಕೂಗ್ತಿದ್ದ, ಎಂಟೂ ಮನಿಗೆ ಗೊತ್ತು ಇಂಥವರಿಗೆ ಕಾಗದಾ ಬಂತು ಅಂತ. ಮಾಲಕರ ಮಗಳಿಗೂ ಅದ ಗತಿ, ಮ್ಯಾಲಿಂದ ಅಕಿ ಬಾಡಿಗಿದಾರ ಹುಡುಗನ ಜೋಡಿ ನೆಟ್ಟಗ ಮಾತಾಡಿದ್ರ ಮರುದಿನ ಊರ ಸುದ್ದಿ.

ಅಂಥಾದರಾಗ ಅಕಿಗೆ ಇನ್ನೊಂದು ಹೆಸರು ಅದ. ಹಾಡೋ ಹೆಸರು. ಆ ಹೆಸರಿನ್ಯಾಗ ಅಕಿಗೆ ಕಾಗದಾ ಬರ್ತಾವ, ಅಕಿ ಬರೀತಾಳ, ಒಬ್ಬರು ಅಕಿ ದನಿಗೆ ಮರುಳಾಗ್ಯಾರ. ಆದಿಲಕ್ಷ್ಮಿಗೆ ವಠಾರದಾಗ ಇದ್ದ ಸ್ವಂತದ ಖೋಲಿ ಅಂದ್ರ ಶ್ರುತಿ ಅನ್ನೋ ಹೆಸರೊಂದ. ನಗಿ ಸಿನೆಮಾದಾಗ ಇದನ್ನ ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ, ಹೇಳಬೇಕಾಗಿಯೂ ಇಲ್ಲ. ನಮ್ಮ ವಠಾರದ ಐದನೇ ಮನಿ ಹುಡುಗಿ ಒಬ್ಬಾಕಿ ವಾರಪತ್ರಿಕೆಗೆ ಬ್ಯಾರೆ ಹೆಸರಿಲೆ ಕಥಿ ಕಳಸ್ತಿದ್ಲು. ಅದು ನನಗೊಬ್ಬಾಕಿಗೇ ಗೊತ್ತಿತ್ತು, ಯಾಕಂದ್ರ ಕಾಗದಾ ನಮ್ಮ ಮನಿ ವಿಳಾಸಕ್ಕ ಬರ್ತಿದ್ವು. ಅಕಿ ಲಗ್ನಾ ಆಗಿ ಹೋದ್ಲು, ಕಥಿ ಬರೋದು ನಿಂತ್ವು. ಅಕಿ ಹೆಸರು ಹೇಳೂದಿಲ್ಲ, ಎರಡೂ ಹೆಸರು ಹೇಳೂದಿಲ್ಲ.

ತಂಗಿ ಮಗಳು ಅಂದ್ಲು, “ಮೊಬೈಲ್ ಇದ್ದಿದ್ರ ಇಷ್ಟೆಲ್ಲಾ ಗೊಂದಲಾನ ಆಗ್ತಿದ್ದಿಲ್ಲ, ಒಂದು ಫೋಟೋ ಕಳಸಿದ್ರ ಮುಗೀತು.” ಖರೆ ಐತಿ. ಹತ್ತು ನಿಮಿಷಕ್ಕ ಸಿನೆಮಾ ಮುಗೀತಿತ್ತು. ಫೋನ್ ಬೇಕಂದ್ರ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ನಮ್ಮ ವಠಾರಕ್ಕೆಲ್ಲಾ ಮಾಲಕರ ಮನಿಯೊಳಗ ಒಂದ ಫೋನು, ಒಂದ ಟೀವಿ. 1987ರೊಳಗ ‘ರಾಮಾಯಣ’ ಸುರು ಆದಾಗ ಆದಿತ್ಯವಾರ ಮುಂಜಾನೆ ಮಾತ್ರ ಆ ಬಾಗಲಾ ಎಲ್ಲಾರಿಗೂ ತೆರೀತಿತ್ತು. ಹಿಂದಿನ ದಿನಾ ಬಾಡಿಗಿ ಸಲವಾಗಿ ಬೈಸಿಕೊಂಡವರೂ ಚಾಪಿ ಹಿಡಕೊಂಡು ಹೋಗ್ತಿದ್ರು.

ಸಿನೆಮಾ ತೋರಸದ ಸಂಗತಿನೂ ಹೇಳಬೇಕಲ್ಲ. ಎಲ್ಲಾ ವಠಾರದಾಗ ಎಲ್ಲಾರಿಗೂ ಮನಿ ಸಿಗ್ತಿದ್ದಿಲ್ಲ. “ನೀವು ಯಾವ ಪೈಕಿ?” ಅನ್ನೋದು ಮೊದಲನೇ ಪ್ರಶ್ನೆ, ಬಾಡಿಗಿ ಎಷ್ಟು ಅನ್ನೋದು ಎರಡನೇದು. “ಸಸ್ಯಾಹಾರಿಗಳಿಗೆ ಮಾತ್ರ” ಅನ್ನೋ ಬೋರ್ಡು ಯಾರನ್ನ ಹೊರಗ ಇಡಲಿಕ್ಕೆ ಅಂತ ಎಲ್ಲಾರಿಗೂ ತಿಳೀತಿತ್ತು. ನಮ್ಮ ನೆನಪಿನ ‘ಒಂದ ಕುಟುಂಬ’ಕ್ಕ ಬಾಗಲದಾಗ ಒಂದು ಜರಡಿ ಇತ್ತು. ಮತ್ತ ಆ ಹಿಂದಿನ ಗಲ್ಲಿ. ಬಸವನಗುಡಿ, ಮಲ್ಲೇಶ್ವರದ ನಕಾಶಿಯೊಳಗ ಛಂದಾಗಿ ಗೆರಿ ಹೊಡದು ಬಿಟ್ಟ ಗಲ್ಲಿ ಯಾತಕ್ಕ ಅಂದ್ರ, ಪಾಯಖಾನಿಯ ಮಲಾ ಹೊರೋ ಮಂದಿ ಮನಿ ಮುಂದಿನಿಂದ ಬರಬಾರದು, ಹಿಂದಿನಿಂದ ಬಂದು ಹಿಂದಿನಿಂದ ಹೋಗಬೇಕು ಅಂತ. ತಲಿಮ್ಯಾಲೆ ಮಲಾ ಹೊರೋದನ್ನ ನಮ್ಮ ರಾಜ್ಯದಾಗ ನಿಷೇಧ ಮಾಡಸಿದವರು ಬಿ. ಬಸವಲಿಂಗಪ್ಪನವರು, ಮಂತ್ರಿ ಆಗಿದ್ದಾಗ, 1970ರ ದಶಕದ ಸುರುವಿಗೆ. ನಮ್ಮ ಅತ್ತಿ ಹೇಳ್ತಿದ್ರು, ಅವರು ಲಗ್ನಾ ಆಗಿ ಬಂದಾಗ ಆ ಗಲ್ಲಿಗೆ ಒಬ್ಬ ಹೆಂಗಸು ದಿನಾ ಮುಂಜಾನೆ ಬರ್ತಿದ್ಲು, ಇಪ್ಪತ್ತು ವರ್ಷ ಬಂದ್ಲು, ಅಕಿ ಹೆಸರು ವಠಾರದಾಗ ಒಬ್ಬರಿಗೂ ಗೊತ್ತಿದ್ದಿಲ್ಲ ಅಂತ. ಪ್ರತಿ ಕಲ್ಲಿಗೂ ಒಡತಿ ಹೆಸರು ಗೊತ್ತಿದ್ದ ವಠಾರದಾಗ.

ಇವೆಲ್ಲಾ ಹೆಂಗ ಹೋದ್ವು ಅಂದ್ರ, ಒಂದ ಸಲಕ್ಕ ಹೋಗಲಿಲ್ಲ. ಒಬ್ಬೊಬ್ಬರ ಮನಿಗೆ ಪಾಲು ಬಂದಂಗ, ಒಂದೊಂದ ವಠಾರ ಹೋತು. ಮಾಲಕ ಇರೋ ತನಕಾ ನಡೀತು. ಅವರು ತೀರಿದ ಮ್ಯಾಲೆ ನಾಲ್ಕು ಮಕ್ಕಳು, ಅರವತ್ತು ರೂಪಾಯಿ ಬಾಡಿಗಿನ ನಾಲ್ಕು ಪಾಲು ಮಾಡೂದ್ಹೆಂಗ. ಅಷ್ಟರಾಗ ಜಾಗಾದ ಬೆಲಿ ಮುಗಲಿಗೆ ಹೋಗಿತ್ತು. 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಬಂದ ಮ್ಯಾಲೆ ಒಂದ ಜಾಗಾದ ಮ್ಯಾಲೆ ಹತ್ತು ಮಂದಿಗೆ ಹತ್ತು ಫ್ಲ್ಯಾಟಿನ ಮಾಲಕಿ ಮಾಡಿಕೊಡಲಿಕ್ಕೆ ದಾರಿ ಆಗಿತ್ತು. ಹಳೇ ಬಾಡಿಗಿ ಕಾಯ್ದೆ ಹೋಗಿ 1999ರ ಹೊಸಾ ಕಾಯ್ದೆ 2001ರ ಕಡೀ ದಿನಾ ಜಾರಿಗೆ ಬಂತು. ಬಿಲ್ಡರ್ ಬಂದು, ಹಳೇ ಬಾಡಿಗಿದಾರರಿಗೆ ಅಷ್ಟೋ ಇಷ್ಟೋ ಕೊಟ್ಟು, ಕೆಡವಿದ. ಇದರಾಗ ಒಂದು ಮಾತು ನಾವು ಹೆಣ್ಣಮಕ್ಕಳು ಮರೀಬಾರದು: 1994ರೊಳಗ ಕರ್ನಾಟಕದಾಗ ಪಿತ್ರಾರ್ಜಿತ ಆಸ್ತಿಯೊಳಗ ಲಗ್ನಾ ಆಗದ ಹೆಣ್ಣಮಕ್ಕಳಿಗೂ ಗಂಡಮಕ್ಕಳ ಸಮಾ ಹಕ್ಕು ಅಂತ ಕಾಯ್ದೆ ಆತು. 2005ಕ್ಕ ದೇಶಕ್ಕೆಲ್ಲಾ ಆತು. ವಠಾರ ಕೆಡವಿದ ಮ್ಯಾಲೆ ಎದ್ದ ಕಟ್ಟಡದಾಗ ತನ್ನ ಹೆಸರಿಲೆ ಒಂದು ಫ್ಲ್ಯಾಟ್ ಪಡದ ಮಗಳನ್ನ ನಾನು ನೋಡೀನಿ. ಅಕಿ ಮುಂದ ಹೋಗಿ ವಠಾರ ಹೋತು ಅಂತ ಅತ್ತರ ಅಕಿ ಏನಂದಾಳು.

ಉಳದ ವಠಾರ ರಸ್ತಾ ಅಗಲ ಮಾಡೂದರಾಗ ಹೋದ್ವು. ಇದಕ್ಕೂ ಒಂದು ನಗಿ ಸಿನೆಮಾ ಅದ ನೋಡ್ರಿ, ಅದ 1990ರೊಳಗ ಬಂದದ್ದು, ಅದರಾಗೂ ಅನಂತ್‌ನಾಗನ: ‘ಉದ್ಭವ’. ಬಿ.ವಿ. ವೈಕುಂಠರಾಜು ಅವರ ಕಾದಂಬರಿ, ಕೋಡ್ಲು ರಾಮಕೃಷ್ಣ ಅವರ ನಿರ್ದೇಶನ. ರಸ್ತಾ ಅಗಲ ಮಾಡೂದನ್ನ ತಪ್ಪಸಲಿಕ್ಕೆ ಗಣಪತಿನ್ನ ‘ಉದ್ಭವ’ ಮಾಡಸ್ತಾರ. ಒಂದ ವರ್ಷದಾಗ ಒಬ್ಬ ಗಣೇಶ ವಠಾರದಾಗ ಬಾಡಿಗಿಗೆ ಇದ್ದ, ಇನ್ನೊಬ್ಬ ಗಣೇಶ ಮನಿ ಉಳಸಲಿಕ್ಕೆ ನೆಲದಾಗಿಂದ ಎದ್ದ. ಇವನ್ನ ನೋಡಲಿಕ್ಕೆ ನಾವು ಬಸ್ ಹತ್ತಿ ಹೋಗ್ತಿದ್ದ ಮೆಜೆಸ್ಟಿಕ್‌ನ ಟಾಕೀಸುಗಳೂ ಒಂದೊಂದಾಗಿ ಕೆಡವಿದ್ರು. ಕಪಾಲಿಯಂಥಾ ಕಪಾಲಿನ ಹೋತು, ಹಿಂಗಂದ ಮ್ಯಾಲೆ ವಠಾರದ್ದೇನು.

ನಮ್ಮದು 2006ರೊಳಗ ಕೆಡವಿದ್ರು. ನಾವು ಅದಕ್ಕೂ ಎಂಟು ವರ್ಷ ಮೊದಲ ಬಿಟ್ಟಿದ್ವಿ. ಈಗ ಅಲ್ಲಿ ನಾಲ್ಕು ಮಜಲು, ಕೆಳಗ ಕಾರು ನಿಲ್ಲಸೋ ಜಾಗಾ. ನಳಾ ಇದ್ದ ಜಾಗಾದಾಗ, ನನ್ನ ಅಂದಾಜಿನ ಪ್ರಕಾರ, ಒಂದು ಬೆಳ್ಳನ್ನ ಕಾರು ನಿಲ್ತದ. ಪ್ರತಿ ಮನಿಗೂ ಮೂರು ಬಚ್ಚಲಾ, ಇಪ್ಪತ್ನಾಲ್ಕು ತಾಸು ನೀರು, ಬ್ಯಾಸಿಗಿಯೊಳಗ ಟ್ಯಾಂಕರು. ನನಗ ಆ ನಾಲ್ಕೂವರಿ ಮುಂಜಾನೆ ಮತ್ತ ಬೇಕೇನು ಅಂದ್ರ ಬ್ಯಾಡ, ಸೊಂಟಾ ಹೋಗ್ಯದ. ಹುಬ್ಬಳ್ಳಿ-ಧಾರವಾಡದಾಗ ಎಂಟು ದಿನಕ್ಕೊಮ್ಮೆ ನೀರು ಕಾಯೋ ನೀವು ನನ್ನ ಮಾತಿಗೆ ಹೂಂ ಅಂತೀರಿ.

ಆದ್ರ ಒಂದು ಸಂಗತಿ ಮನಸ್ಸಿಗೆ ಹತ್ತೇದ. ಹನ್ನೆರಡು ವರ್ಷ ಇದ್ದ ಆ ಅಂಗಳದ್ದು ನಮ್ಮ ಹತ್ರ ಒಂದೂ ಫೋಟೋ ಇಲ್ಲ. ಕ್ಯಾಮೆರಾ ಇದ್ದವರು ಲಗ್ನಕ್ಕ, ಮುಂಜವಿಗೆ ತಗೀತಿದ್ರು, ನಳಕ್ಕ ಯಾರು ತಗೀತಾರ. ಮೂರನೇ ಮನಿ ತಮಿಳರ ಸೊಸಿದೂ ಒಂದೂ ಇಲ್ಲ. ಅಕಿ ಈಗ ಎಲ್ಲಿದ್ದಾಳೋ. ಹಿಂಗಾಗಿ ಆ ಸಂದಿ, ಆ ಒತ್ತೊತ್ತಿನ ಬಾಗಲಾ, ಆ ಬೈಗಳದ ದನಿ ನನ್ನ ಮಕ್ಕಳಿಗೆ ತೋರಸಬೇಕಂದ್ರ ಈ ನಗಿ ಸಿನೆಮಾನ ಹಚ್ಚಬೇಕು. ಅದು ನಮ್ಮ ವಠಾರ ಅಲ್ಲ, ಆದ್ರೂ ಅನಂತ್‌ನಾಗ್ ಮಾತಾಡೂ ಮುಂದ ನಾನು ಅವನ ಹಿಂದಿನ ಗೋಡಿ, ಕಿಡಕಿ, ಒಣ ಹಾಕಿದ ಅರಬಿ ನೋಡಿಕೋತ ಕೂಡ್ತೀನಿ.

ಚಾಮರಾಜಪೇಟೆ, ಮಲ್ಲೇಶ್ವರ, ಶ್ರೀರಾಂಪುರ ಕಡೆ ಇನ್ನೂ ಒಂದೊಂದು ಉಳದಾವ, ಬಾಗಲಾ ಸಣ್ಣದು ಇರೂದರಿಂದ ರಸ್ತಾದಾಗಿಂದ ಕಾಣೂದಿಲ್ಲ. ಮುಂದಿನ ತಿಂಗಳು ಲಗ್ನಕ್ಕ ಬೆಂಗಳೂರಿಗೆ ಬರವ್ರು ಒಂದು ದಿನಾ ಜಾಸ್ತಿ ಇಟಗೊಂಡು ಬರ್ರಿ, ಕರಕೊಂಡು ಹೋಗ್ತೀನಿ. ಮತ್ತ ನಿಮ್ಮ ಹಳೇ ಆಲ್ಬಮ್ ತಗದು ನೋಡ್ರಿ. 1980-90ರ ಫೋಟೋದೊಳಗ ಮದುಮಗಳ ಹಿಂದ, ಅಕ್ಷತಿ ಹಿಡದು ನಿಂತವರ ಹಿಂದ, ಏನರೆ ಕಾಣ್ತದೇನು: ನಳಾ, ಒಗಿಯೋ ಕಲ್ಲು, ಕೊಡದ ಸಾಲು. ಕಂಡ್ರ ಫೋಟೋದ ಹಿಂದ ಯಾವ ಓಣಿ, ಯಾವ ವಠಾರ, ಯಾವ ಇಸವಿ, ಆ ಕೊಡಾ ಯಾರದು ಅಂತ ಪೆನ್ಸಿಲ್‌ಲೆ ಬರದಿಡ್ರಿ. ಪೆನ್ನಿಲೆ ಬ್ಯಾಡ, ಮಸಿ ಮುಂದಿನ ಕಡೆ ಇಳೀತದ.